ಫಾರ್ಮ್ ತುಂಬಿದ ಮೇಲೆ ಏನಾಗುತ್ತೆ? ಹಳ್ಳಿ ಹೆಣ್ಣುಮಕ್ಕಳ ಕ್ಯಾನ್ಸರ್ ತಪಾಸಣೆಯ ಪೂರ್ತಿ ದಾರಿ

ಹುನಗುಂದ ತಾಲೂಕಿನ ರಾಮಥಾಳ ಹೊರಗಿನವರಿಗೆ ಗೊತ್ತಾಗಿದ್ದು ಹನಿ ನೀರಾವರಿಯಿಂದ. ನಾರಾಯಣಪುರ ಜಲಾಶಯದ ನೀರನ್ನು ಮೇಲೆತ್ತಿ ಸುಮಾರು 24 ಸಾವಿರ ಹೆಕ್ಟೇರ್ ಹೊಲಗಳಿಗೆ ಪೈಪಿನಲ್ಲೇ ಕೊಡುವ ಯೋಜನೆ ಅದು. ಇಂಥ ಯೋಜನೆ ಕೆಲಸ ಮಾಡ್ತಿದೆಯಾ ಅಂತ ತಿಳಿಯೋಕೆ ಪಂಪ್‌ಹೌಸ್ ಮೀಟರ್ ನೋಡಿದರೆ ಸಾಲದು. ಕೊನೆಯ ಹೊಲದ ಕೊನೆಯ ಡ್ರಿಪ್ಪರ್‌ನಲ್ಲಿ ನೀರು ಬರ್ತಿದೆಯಾ ಅಂತ ನೋಡಬೇಕು. ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಹೆಣ್ಣುಮಕ್ಕಳ ಕ್ಯಾನ್ಸರ್ ತಪಾಸಣೆಯ ಲೆಕ್ಕ ಮಾತ್ರ ಪಂಪ್‌ಹೌಸ್‌ನಲ್ಲೇ ನಿಂತುಬಿಡುತ್ತೆ. ಇಷ್ಟು ಮನೆ ಭೇಟಿ, ಇಷ್ಟು ಫಾರ್ಮ್, ಇಷ್ಟು ಲಕ್ಷ ಜನರ ತಪಾಸಣೆ ಅಂತ ಸುದ್ದಿಯಾಗುತ್ತೆ. ಅವರಲ್ಲಿ ಎಷ್ಟು ಜನರಿಗೆ ಅನುಮಾನ ಬಂತು, ಎಷ್ಟು ಜನ ಬಯಾಪ್ಸಿವರೆಗೆ ಹೋದರು, ಎಷ್ಟು ಜನ ಚಿಕಿತ್ಸೆ ಮುಗಿಸಿ ಮನೆಗೆ ಬಂದರು ಅನ್ನೋದು ಸುದ್ದಿಯಾಗಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆಯನ್ನು ಎದುರಿಗಿಟ್ಟುಕೊಂಡು ಆ ಪೂರ್ತಿ ದಾರಿಯನ್ನು ಇಲ್ಲಿ ಬಿಡಿಸಿ ನೋಡೋಣ.

ಯಾರಿಗೆ, ಯಾವ ತಪಾಸಣೆ?

ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಮೂರು ಕ್ಯಾನ್ಸರ್‌ಗಳ ತಪಾಸಣೆಗೆ ಮಾರ್ಗಸೂಚಿ ತಂದಿತು: ಬಾಯಿ, ಸ್ತನ ಮತ್ತು ಗರ್ಭಕಂಠ. 30ರಿಂದ 65 ವರ್ಷದ ಪ್ರತಿಯೊಬ್ಬ ಮಹಿಳೆಗೂ ಐದು ವರ್ಷಕ್ಕೊಮ್ಮೆ ಈ ಮೂರೂ ತಪಾಸಣೆ ಆಗಬೇಕು. ಬಾಯಿಯನ್ನು ಟಾರ್ಚ್ ಹಿಡಿದು ನೋಡ್ತಾರೆ. ತರಬೇತಿ ಪಡೆದ ಸಿಬ್ಬಂದಿ ಸ್ತನವನ್ನು ಕೈಯಿಂದ ಪರೀಕ್ಷಿಸ್ತಾರೆ. ಗರ್ಭಕಂಠಕ್ಕೆ ವಿಐಎ ಅನ್ನುವ ವಿಧಾನವಿದೆ: ತೆಳುವಾದ ಅಸಿಟಿಕ್ ಆಮ್ಲವನ್ನು (ವಿನೆಗರ್‌ನಲ್ಲಿ ಇರೋದೂ ಇದೇ) ಹತ್ತಿಯಿಂದ ಹಚ್ಚಿ ಒಂದು ನಿಮಿಷ ಕಾಯೋದು. ಬದಲಾದ ಜೀವಕೋಶಗಳಿದ್ದರೆ ಆ ಜಾಗ ಬೆಳ್ಳಗಾಗುತ್ತೆ. ಲ್ಯಾಬ್ ಬೇಡ, ಕರೆಂಟ್ ಬೇಡ. ಮೇಜು, ಪರದೆ, ಒಳ್ಳೆಯ ಬೆಳಕು ಮತ್ತು ತರಬೇತಾದ ನರ್ಸ್ ಇದ್ದರೆ ಸಾಕು.

ಕೆಲಸ ಶುರುವಾಗೋದು ಆಶಾ ಕಾರ್ಯಕರ್ತೆಯಿಂದ. ಅವರು ಮನೆಮನೆಗೆ ಹೋಗಿ ಪ್ರಶ್ನಾವಳಿ ತುಂಬ್ತಾರೆ. ತಪಾಸಣೆ ನಡೆಯಬೇಕಿರೋದು ಉಪಕೇಂದ್ರದಲ್ಲಿ (ಈಗಿನ ಹೆಸರು ಆಯುಷ್ಮಾನ್ ಆರೋಗ್ಯ ಮಂದಿರ) ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ. ಇದಕ್ಕೆ ರಾಜ್ಯ ಸರ್ಕಾರದ ಗೃಹ ಆರೋಗ್ಯ ಯೋಜನೆಯೂ ಸೇರಿದೆ. 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಶುರುವಾಗಿ ಆಮೇಲೆ ಬೇರೆ ಜಿಲ್ಲೆಗಳಿಗೂ ಹರಡಿದ ಈ ಯೋಜನೆಯ ಪಟ್ಟಿಯಲ್ಲಿ ಬಿಪಿ, ಸಕ್ಕರೆ ಕಾಯಿಲೆ ಜೊತೆ ಈ ಮೂರು ಕ್ಯಾನ್ಸರ್‌ಗಳೂ ಇವೆ.

ಅಂದ್ರೆ ಕಾಗದದ ಮೇಲೆ ಎಲ್ಲವೂ ಇದೆ.

ಕೊನೆ ಹಂತದಲ್ಲಿ ಗೊತ್ತಾದ್ರೆ ಏನು ವ್ಯತ್ಯಾಸ?

ಜಾಗತಿಕ ಅಂದಾಜಿನ ಪ್ರಕಾರ 2022ರಲ್ಲಿ ಭಾರತದಲ್ಲಿ ಸುಮಾರು 1.92 ಲಕ್ಷ ಮಹಿಳೆಯರಿಗೆ ಸ್ತನ ಕ್ಯಾನ್ಸರ್, 1.27 ಲಕ್ಷ ಮಹಿಳೆಯರಿಗೆ ಗರ್ಭಕಂಠದ ಕ್ಯಾನ್ಸರ್ ಹೊಸದಾಗಿ ಬಂತು. ಅದೇ ವರ್ಷ ಸ್ತನ ಕ್ಯಾನ್ಸರ್‌ನಿಂದ ಸುಮಾರು 98 ಸಾವಿರ, ಗರ್ಭಕಂಠದ ಕ್ಯಾನ್ಸರ್‌ನಿಂದ ಸುಮಾರು 80 ಸಾವಿರ ಮಹಿಳೆಯರು ಸತ್ತರು.

ರಾಷ್ಟ್ರೀಯ ಕ್ಯಾನ್ಸರ್ ನೋಂದಣಿಯ 2020ರ ವರದಿ ನೋಡಿದರೆ, ಆಸ್ಪತ್ರೆಗೆ ಬಂದ ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಶೇ. 57 ಮತ್ತು ಗರ್ಭಕಂಠದ ಕ್ಯಾನ್ಸರ್ ರೋಗಿಗಳಲ್ಲಿ ಶೇ. 60 ಜನರಿಗೆ ಗೊತ್ತಾಗುವ ಹೊತ್ತಿಗೆ ರೋಗ ಹುಟ್ಟಿದ ಜಾಗ ದಾಟಿ ಅಕ್ಕಪಕ್ಕಕ್ಕೆ ಹಬ್ಬಿತ್ತು. ಇದರ ಅರ್ಥ ಏನು ಅಂತ ಇನ್ನೊಂದು ಅಂಕಿ ಹೇಳುತ್ತೆ. ಭಾರತದ ನೋಂದಣಿಗಳ ಲೆಕ್ಕದಲ್ಲಿ, ಸ್ತನ ಕ್ಯಾನ್ಸರ್ ಒಂದೇ ಜಾಗದಲ್ಲಿದ್ದಾಗ ಪತ್ತೆಯಾದರೆ ಐದು ವರ್ಷ ಬದುಕುಳಿಯುವವರು ಶೇ. 81. ಅಕ್ಕಪಕ್ಕಕ್ಕೆ ಹಬ್ಬಿದ್ದರೆ ಶೇ. 65. ದೂರದ ಅಂಗಗಳಿಗೆ ಹೋಗಿದ್ದರೆ ಶೇ. 18. ದೇಶ ಅದೇ, ರೋಗ ಅದೇ, ಔಷಧಿಯೂ ಹೆಚ್ಚುಕಮ್ಮಿ ಅವೇ. ಬದಲಾಗಿದ್ದು ಗೊತ್ತಾದ ಹೊತ್ತು.

ಗರ್ಭಕಂಠದ ವಿಷಯದಲ್ಲಿ ಅವಕಾಶ ಇನ್ನೂ ದೊಡ್ಡದು. ಎಚ್‌ಪಿವಿ ವೈರಸ್ ಸೋಂಕು ಕ್ಯಾನ್ಸರ್ ಆಗೋಕೆ ಸಾಮಾನ್ಯವಾಗಿ 15-20 ವರ್ಷ ಬೇಕು. ಅಷ್ಟು ವರ್ಷದಲ್ಲಿ ಒಂದೇ ಒಂದು ಸಲ ಸರಿಯಾಗಿ ನೋಡಿದ್ದರೂ, ಕ್ಯಾನ್ಸರ್ ಆಗುವ ಮುಂಚೆಯೇ ಆ ಜಾಗವನ್ನು ಶಾಖದಿಂದ ಸುಟ್ಟು ತೆಗೆಯಬಹುದು. ಅದು ಕೆಲವೇ ನಿಮಿಷದ ಚಿಕಿತ್ಸೆ, ಅವತ್ತೇ ಮನೆಗೆ ಹೋಗಬಹುದು. ಅದು ತಪ್ಪಿ ಹಬ್ಬಿದ ಮೇಲೆ ಬಂದರೆ ಸುಮಾರು ಐದು ವಾರ ಪ್ರತಿದಿನ ರೇಡಿಯೇಶನ್, ಜೊತೆಗೆ ಕೀಮೊ, ಅದರ ಮೇಲೆ ಒಳಗಿನಿಂದ ಕೊಡುವ ರೇಡಿಯೇಶನ್.

ಹಾಗಾದ್ರೆ ಎಷ್ಟು ಜನರ ತಪಾಸಣೆ ಆಗಿದೆ?

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019-21) 30ರಿಂದ 49 ವರ್ಷದ ಮಹಿಳೆಯರನ್ನು ನೇರವಾಗಿ ಕೇಳಿತು: ಯಾವತ್ತಾದರೂ ತಪಾಸಣೆ ಮಾಡಿಸಿದ್ದೀರಾ? ಗರ್ಭಕಂಠಕ್ಕೆ ಹೌದು ಅಂದವರು ದೇಶದಲ್ಲಿ ಶೇ. 1.9. ಸ್ತನಕ್ಕೆ ಶೇ. 0.9. ಸರ್ಕಾರಿ ಪೋರ್ಟಲ್‌ಗಳು ಕೋಟಿಗಳಲ್ಲಿ ಮಾತಾಡುವಾಗ ಈ ಅಂಕಿಯನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ.

ಸಮೀಕ್ಷೆ ನಡೆದು ಕೆಲವು ವರ್ಷಗಳಾಗಿವೆ, ಪರಿಸ್ಥಿತಿ ಸ್ವಲ್ಪ ಸುಧಾರಿಸಿರಬಹುದು. ಆದರೆ ಇವೆರಡನ್ನೂ ಓದುವಾಗ ಒಂದು ವ್ಯತ್ಯಾಸ ಗಮನದಲ್ಲಿರಲಿ. ಆಶಾ ಫಾರ್ಮ್ ತುಂಬಿದ್ದು ತಪಾಸಣೆ ಅಲ್ಲ. "ಎದೆಯಲ್ಲಿ ಗಂಟು ಇದೆಯಾ" ಅಂತ ಕೇಳೋದು ಬೇರೆ, ಕೈಯಿಟ್ಟು ನೋಡೋದು ಬೇರೆ. ಪ್ರಶ್ನೆ ಕೇಳಿದ್ದನ್ನೇ ತಪಾಸಣೆಗೆ ಸೇರಿಸಿ ಎಣಿಸಿದರೆ ಅಂಕಿ ಬೆಳೆಯುತ್ತೆ, ರೋಗ ಅಲ್ಲೇ ಇರುತ್ತೆ.

ದಾರಿಯಲ್ಲಿ ಎಲ್ಲೆಲ್ಲಿ ಸೋರುತ್ತೆ?

ರಾಮಥಾಳದಂಥ ಊರಿನ 45 ವರ್ಷದ ಒಬ್ಬ ಕೂಲಿ ಹೆಣ್ಣುಮಗಳನ್ನು ಊಹಿಸಿಕೊಳ್ಳಿ. ಅಥವಾ ಇಳಕಲ್‌ನ ಮಗ್ಗದ ಮನೆಯಲ್ಲಿ ದಿನವಿಡೀ ಕಂಡಿಕೆ ಸುತ್ತುವವರನ್ನು.

*ಮೊದಲ ಸೋರಿಕೆ, ಮನೆ ಬಾಗಿಲು.* ಪ್ರಶ್ನಾವಳಿಯಲ್ಲಿ ಮುಟ್ಟು ನಿಂತ ಮೇಲೆ ರಕ್ತ ಹೋಗುತ್ತಾ, ಗಂಡನ ಜೊತೆ ಸೇರಿದ ಮೇಲೆ ರಕ್ತ ಹೋಗುತ್ತಾ, ವಾಸನೆಯ ಬಿಳಿಮುಟ್ಟು ಇದೆಯಾ ಅನ್ನುವ ಪ್ರಶ್ನೆಗಳಿವೆ. ಕಟ್ಟೆ ಮೇಲೆ ಅತ್ತಿ, ಒಳಗೆ ಬೆಳೆದ ಮಗ ಇರುವಾಗ ಇದನ್ನು ಕೇಳಿದರೆ ಬರುವ ಉತ್ತರ ಒಂದೇ: "ಏನಿಲ್ಲ ಬಿಡ್ರಿ ಅಕ್ಕಾರ." ಕೇಳೋಕೆ ಏಕಾಂತ ಬೇಕು, ಏಕಾಂತಕ್ಕೆ ಸಮಯ ಬೇಕು. ಆದರೆ ರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಆಶಾಗೆ ಈ ಫಾರ್ಮ್‌ಗೆ ನಿಗದಿಯಾದ ಪ್ರೋತ್ಸಾಹಧನ ತಲಾ 10 ರೂಪಾಯಿ. ಚಿಕಿತ್ಸೆಯಲ್ಲಿರುವ ರೋಗಿಯನ್ನು ಆರು ತಿಂಗಳು ಬೆನ್ನುಹತ್ತಿ ನೋಡಿಕೊಂಡರೆ 50 ರೂಪಾಯಿ. ವ್ಯವಸ್ಥೆಗೆ ಯಾವುದು ಮುಖ್ಯ ಅಂತ ಈ ದರಪಟ್ಟಿಯೇ ಹೇಳುತ್ತೆ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನ ಚಳಿಯಲ್ಲಿ ಆಶಾಗಳು ನಾಲ್ಕು ದಿನ ಕೂತು ತಿಂಗಳಿಗೆ ಕನಿಷ್ಠ 10 ಸಾವಿರದ ಭರವಸೆ ಪಡೆದರಲ್ಲ, ಅದು ಬರೀ ಸಂಬಳದ ಹೋರಾಟ ಆಗಿರಲಿಲ್ಲ. ತಪಾಸಣೆಯ ಗುಣಮಟ್ಟವೂ ಅದರಲ್ಲಿತ್ತು.

*ಎರಡನೇ ಸೋರಿಕೆ, ಉಪಕೇಂದ್ರ.* "ನನಗೇನೂ ಬ್ಯಾನಿ ಇಲ್ಲ, ದವಾಖಾನಿಗೆ ಯಾಕ ಹೋಗ್ಲಿ?" ಅನ್ನೋದು ಸಹಜ ಪ್ರಶ್ನೆ. ತಪಾಸಣೆ ಇರೋದೇ ಬ್ಯಾನಿ ಇಲ್ಲದವರಿಗಾಗಿ ಅಂತ ಬಿಡಿಸಿ ಹೇಳುವವರು ಬೇಕು. ಹೋದರೂ ಅಲ್ಲಿ ತರಬೇತಾದ ಮಹಿಳಾ ಸಿಬ್ಬಂದಿ, ಬಾಗಿಲು ಹಾಕುವ ಕೋಣೆ ಇರಬೇಕು. ವಾರದ ನಡುವೆ, ಹಗಲು ಹೊತ್ತಿನಲ್ಲಿ ಹೋಗೋದು ಅಂದ್ರೆ ಅವತ್ತಿನ ಕೂಲಿ ಹೋಯ್ತು ಅಂತಲೇ. ಇನ್ನು ಬಾದಾಮಿ, ಹುನಗುಂದದ ಕಡೆಯಿಂದ ಗೋವಾ, ಮಂಗಳೂರು, ಬೆಂಗಳೂರಿಗೆ ಗುಳೆ ಹೋದವರು ಕ್ಯಾಂಪ್ ದಿನ ಊರಲ್ಲೇ ಇರಲ್ಲ.

*ಮೂರನೇ ಸೋರಿಕೆ, ಅನುಮಾನದಿಂದ ಬಯಾಪ್ಸಿವರೆಗೆ.* ಇದು ಎಲ್ಲಕ್ಕಿಂತ ಅಪಾಯದ ಜಾಗ. ತಾಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಬೇಕು, ತುಣುಕು ತೆಗೆಯಬೇಕು, ರಿಪೋರ್ಟ್‌ಗೆ ಇನ್ನೊಮ್ಮೆ ಬರಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಆಕೆಯ ಬಸ್ ಟಿಕೆಟ್ ಉಚಿತ. ಇದು ನಿಜವಾದ ಲಾಭ, ಆರೋಗ್ಯ ಇಲಾಖೆ ಇದನ್ನು ಇನ್ನೂ ಚೆನ್ನಾಗಿ ಬಳಸಿಕೊಳ್ಳಬಹುದು. ಆದರೆ ಜೊತೆಗೆ ಬರುವ ಗಂಡನದೋ ಮಗನದೋ ಟಿಕೆಟ್, ಇಬ್ಬರ ಕೂಲಿ, ಯಾವ ಕೌಂಟರ್‌ನಲ್ಲಿ ನಿಲ್ಲಬೇಕು ಅನ್ನುವ ಗೊಂದಲ ಹಾಗೇ ಉಳಿದಿವೆ.

*ನಾಲ್ಕನೇ ಸೋರಿಕೆ, ಚಿಕಿತ್ಸೆ.* ಉತ್ತರ ಕರ್ನಾಟಕದವರಿಗೆ ಕ್ಯಾನ್ಸರ್ ಅಂದರೆ ಹುಬ್ಬಳ್ಳಿಯ ನವನಗರದ ಆಸ್ಪತ್ರೆ, ಇಲ್ಲವೇ ಬೆಳಗಾವಿ, ಕಲಬುರಗಿ, ಕೊನೆಗೆ ಬೆಂಗಳೂರಿನ ಕಿದ್ವಾಯಿ. 1973ರಲ್ಲಿ ಶುರುವಾದ ಕಿದ್ವಾಯಿ ಇಲ್ಲಿಂದ 400 ಕಿಲೋಮೀಟರ್‌ಗೂ ದೂರ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಚಿತ. ಹೋದ ಕೂಲಿ ಮತ್ತು ಜೊತೆಗಿರುವವರ ಊಟ, ವಸತಿ ಆ ಪ್ಯಾಕೇಜ್‌ನಲ್ಲಿ ಬರಲ್ಲ. ಐದಾರು ವಾರ ಊರು ಬಿಟ್ಟು ಇರೋದು ಅಂದ್ರೆ ಒಂದು ಸುಗ್ಗಿಯೇ ಹೋದಂತೆ.

ಈಗ ಸಣ್ಣ ಲೆಕ್ಕ ಹಾಕೋಣ. ಇದು ಸಮೀಕ್ಷೆಯ ಅಂಕಿ ಅಲ್ಲ, ಅರ್ಥ ಮಾಡ್ಕೊಳ್ಳೋಕೆ ಇಟ್ಟ ಉದಾಹರಣೆ. ಚಿಕಿತ್ಸೆ ಬೇಕಾದ 100 ಮಹಿಳೆಯರಿದ್ದಾರೆ, ನಾಲ್ಕೂ ಹಂತದಲ್ಲಿ ಶೇ. 70 ಜನ ಮುಂದಕ್ಕೆ ಹೋಗ್ತಾರೆ ಅಂತ ಇಟ್ಕೊಳ್ಳಿ. ಮೊದಲ ಹಂತ ದಾಟಿದವರು 70, ಎರಡನೆಯದು 49, ಮೂರನೆಯದು 34, ಕೊನೆಗೆ ಚಿಕಿತ್ಸೆ ಮುಟ್ಟಿದವರು 24. ಪ್ರತಿ ಹಂತದ ಅಧಿಕಾರಿಯೂ "ನಮ್ಮದು ಎಪ್ಪತ್ತು ಪರ್ಸೆಂಟ್" ಅಂತ ನೆಮ್ಮದಿಯಾಗಿ ಹೇಳಬಹುದು. 76 ಹೆಣ್ಣುಮಕ್ಕಳು ಯಾರ ಲೆಕ್ಕದಲ್ಲೂ ಇಲ್ಲ.

ತಪಾಸಣೆ ಇಲ್ಲದ ಕಡೆ ಭಯ ಮಾರಾಟವಾಗುತ್ತೆ

ಇನ್ನೊಂದು ಮುಖವನ್ನೂ ನೋಡಬೇಕು. 2015ರ ಹೊತ್ತಿಗೆ ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ತಾಂಡಾಗಳ ಮತ್ತು ದಲಿತ ಕೇರಿಗಳ ನೂರಾರು ಹೆಣ್ಣುಮಕ್ಕಳ ಗರ್ಭಕೋಶವನ್ನು ಖಾಸಗಿ ಆಸ್ಪತ್ರೆಗಳು ಅಗತ್ಯವಿಲ್ಲದೆ ತೆಗೆದಿದ್ದು ದೊಡ್ಡ ಹೋರಾಟಕ್ಕೆ ಕಾರಣವಾಯ್ತು. ಹೊಟ್ಟೆನೋವು, ಬಿಳಿಮುಟ್ಟು ಅಂತ ಹೋದವರಿಗೆ ಹೇಳಿದ್ದು "ತೆಗೀಲಿಲ್ಲ ಅಂದ್ರೆ ಕ್ಯಾನ್ಸರ್ ಆಗುತ್ತೆ" ಅಂತ. ಇಂಥ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಮಾರ್ಗಸೂಚಿ ಜಾರಿಗೆ ತನ್ನಿ ಅಂತ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಹೇಳಬೇಕಾಯಿತು.

ಊರಿನ ಉಪಕೇಂದ್ರದಲ್ಲೇ ನಂಬಬಹುದಾದ ತಪಾಸಣೆ ಇದ್ದಿದ್ದರೆ, "ನಿನಗೆ ಕ್ಯಾನ್ಸರ್ ಇಲ್ಲವ್ವಾ, ಇದು ಬರೀ ಸೋಂಕು" ಅಂತ ಹೇಳುವವರು ಇರ್ತಿದ್ದರು. ರೋಗ ಇಲ್ಲ ಅಂತ ಹೇಳೋದೂ ತಪಾಸಣೆಯ ಕೆಲಸವೇ.

ಇದು ಆಗುತ್ತೆ ಅನ್ನೋಕೆ ಪುರಾವೆ?

ದೂರ ಹೋಗಬೇಕಿಲ್ಲ. ವಿಜಯಪುರದ ಗಡಿ ದಾಟಿದರೆ ಸೊಲ್ಲಾಪುರ ಜಿಲ್ಲೆ. ಅಲ್ಲಿನ ಬಾರ್ಶಿಯಲ್ಲಿ 1987ರಲ್ಲಿ ಗ್ರಾಮೀಣ ಕ್ಯಾನ್ಸರ್ ನೋಂದಣಿ ಶುರುವಾಯ್ತು. ಕಾರ್ಯಕರ್ತರು ಹಳ್ಳಿಹಳ್ಳಿಗೆ ಹೋಗಿ ಲಕ್ಷಣಗಳ ಬಗ್ಗೆ ಮಾತಾಡಿದರು, ಅನುಮಾನ ಇದ್ದವರನ್ನು ಆಸ್ಪತ್ರೆಗೆ ಕಳಿಸಿದರು. ಕೆಲವೇ ವರ್ಷಗಳಲ್ಲಿ ಗರ್ಭಕಂಠದ ಕ್ಯಾನ್ಸರ್ ಆರಂಭದ ಹಂತದಲ್ಲೇ ಪತ್ತೆಯಾಗುವ ಪ್ರಮಾಣ ಏರಿತು. ದೊಡ್ಡ ಯಂತ್ರ ಯಾವುದೂ ಬಂದಿರಲಿಲ್ಲ, ಪದೇ ಪದೇ ಬಂದು ಮಾತಾಡಿಸುವ ಜನ ಇದ್ದರು.

ಪಕ್ಕದ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯಲ್ಲಿ 1.31 ಲಕ್ಷ ಗ್ರಾಮೀಣ ಮಹಿಳೆಯರ ಮೇಲೆ ನಡೆದ ಅಧ್ಯಯನದ ಫಲಿತಾಂಶ 2009ರಲ್ಲಿ ಬಂತು. ಒಂದೇ ಸಲ ಎಚ್‌ಪಿವಿ ಪರೀಕ್ಷೆ ಆದ ಗುಂಪಿನಲ್ಲಿ ಗರ್ಭಕಂಠದ ಕ್ಯಾನ್ಸರ್‌ನಿಂದ ಸತ್ತವರು 34, ತಪಾಸಣೆ ಇಲ್ಲದ ಗುಂಪಿನಲ್ಲಿ 64. ಸಾವು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. ಮುಂಬೈ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ಎರಡು ವರ್ಷಕ್ಕೊಮ್ಮೆ ಆರೋಗ್ಯ ಕಾರ್ಯಕರ್ತೆಯರಿಂದ ವಿಐಎ ಮಾಡಿಸಿದಾಗ ಸಾವು ಶೇ. 31 ಕಡಿಮೆಯಾಯ್ತು. ಡಾಕ್ಟರ್ ಅಲ್ಲದವರೂ ಈ ಕೆಲಸ ಮಾಡಬಲ್ಲರು ಅಂತ ಸಾಬೀತಾಗಿದ್ದು ಹೀಗೆ.

ಈ ಪುರಾವೆಗೆ ಕಹಿ ಬದಿಯೂ ಇದೆ. ಹೋಲಿಕೆಗಾಗಿ ಸಾವಿರಾರು ಬಡ ಮಹಿಳೆಯರಿಗೆ ತಪಾಸಣೆಯನ್ನೇ ಕೊಡದೆ ಇಟ್ಟಿದ್ದು ಸರಿಯಾ ಅನ್ನುವ ಗಂಭೀರ ನೈತಿಕ ಪ್ರಶ್ನೆ ಎದ್ದಿತು. ಆ ಹೆಣ್ಣುಮಕ್ಕಳು ತೆತ್ತ ಬೆಲೆಯಿಂದ ಸಿಕ್ಕಿದ ಜ್ಞಾನ ಇದು. ಇದನ್ನು ಫೈಲಿನಲ್ಲಿ ಇಟ್ಟು ಕೂರೋದು ಎರಡನೇ ಅನ್ಯಾಯ.

ತಮಿಳುನಾಡು ಕೂರಲಿಲ್ಲ. ಮೊದಲು ಕೆಲವು ಜಿಲ್ಲೆಗಳಲ್ಲಿ ಪ್ರಯೋಗ ಮಾಡಿ, ಆಮೇಲೆ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್‌ಗಳ ಮೂಲಕ ರಾಜ್ಯವಿಡೀ ವಿಸ್ತರಿಸಿತು. ದೇಶದ ಸರಾಸರಿ ಶೇ. 1.9 ಇದ್ದಾಗ ಅಲ್ಲಿ ಗರ್ಭಕಂಠದ ತಪಾಸಣೆ ಮಾಡಿಸಿದವರು ಶೇ. 9.8. ಅದೂ ಸಾಲದು, ಆದರೆ ಐದು ಪಟ್ಟು.

ಬಾಗಲಕೋಟೆಗೆ ಮೊದಲೇ ಗೊತ್ತಿರುವ ಪಾಠ

ಈ ಜಿಲ್ಲೆಗೆ ಹೊಸದಾಗಿ ಕಲಿಯೋಕೆ ಹೆಚ್ಚೇನಿಲ್ಲ. 2003ರ ಸಮೀಕ್ಷೆಯಲ್ಲಿ ಬಾಗಲಕೋಟೆ ಜಿಲ್ಲೆಯ ವಯಸ್ಕರಲ್ಲಿ ಎಚ್‌ಐವಿ ಪ್ರಮಾಣ ಸುಮಾರು ಶೇ. 3 ಇತ್ತು. ಆಮೇಲೆ ನಡೆದಿದ್ದು ಪೂರ್ತಿ ದಾರಿಯ ಕೆಲಸ: ಗುಟ್ಟು ಕಾಪಾಡುವ ಪರೀಕ್ಷೆ, ಕೂರಿಸಿ ಮಾತಾಡುವ ಆಪ್ತಸಮಾಲೋಚಕರು, ಎಆರ್‌ಟಿ ಕೇಂದ್ರ, ಬರೋದು ನಿಲ್ಲಿಸಿದವರನ್ನು ಹುಡುಕಿಕೊಂಡು ಹೋಗುವ ಹಳ್ಳಿ ಕಾರ್ಯಕರ್ತರು, ಲೈಂಗಿಕ ವೃತ್ತಿಯ ಮಹಿಳೆಯರದೇ ಸಂಘಟನೆಗಳು. ಅಲ್ಲಿ ಪರೀಕ್ಷೆ ಮಾಡಿದ್ದಷ್ಟನ್ನೇ ಎಣಿಸಲಿಲ್ಲ. ಪಾಸಿಟಿವ್ ಬಂದವರು ಔಷಧಿ ಶುರು ಮಾಡಿದರಾ, ಮುಂದಿನ ತಿಂಗಳೂ ಬಂದರಾ ಅಂತ ಎಣಿಸಿದರು. ಮುಟ್ಟಿ ಮಾತಾಡೋಕೂ ಜನ ಹೆದರುತ್ತಿದ್ದ ರೋಗಕ್ಕೆ ಇದನ್ನು ಮಾಡೋಕೆ ಸಾಧ್ಯವಾಯ್ತು ಅಂದಮೇಲೆ ಕ್ಯಾನ್ಸರ್‌ಗೆ ಯಾಕಾಗಲ್ಲ?

ಎರಡೂ ಕೆಲಸ ಕೂಡುವ ಜಾಗವೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಎಚ್‌ಐವಿ ಇರುವ ಮಹಿಳೆಯರಿಗೆ ಗರ್ಭಕಂಠದ ಕ್ಯಾನ್ಸರ್ ಬರುವ ಸಾಧ್ಯತೆ ಆರು ಪಟ್ಟು ಹೆಚ್ಚು. ಅವರಿಗೆ 25ನೇ ವಯಸ್ಸಿನಿಂದಲೇ, 3ರಿಂದ 5 ವರ್ಷಕ್ಕೊಮ್ಮೆ ತಪಾಸಣೆ ಬೇಕು. ಔಷಧಿಗಾಗಿ ಎಆರ್‌ಟಿ ಕೇಂದ್ರಕ್ಕೆ ಹೇಗೂ ಬರ್ತಾರೆ. ಮಾಜಿ ದೇವದಾಸಿಯರಿಗೂ ಇಲಾಖೆಯ ಪಟ್ಟಿ ಇದೆ. ಮೊದಲು ಯಾರನ್ನು ಮುಟ್ಟಬೇಕು ಅಂತ ಹುಡುಕುವ ಕಷ್ಟ ಇಲ್ಲ.

ಲಸಿಕೆ ಬಂತಲ್ಲ, ಇನ್ನು ತಪಾಸಣೆ ಯಾಕೆ?

ಎಚ್‌ಪಿವಿ ಲಸಿಕೆ ಬೇಕೇ ಬೇಕು. ಆದರೆ ಅದು ಕೆಲಸ ಮಾಡೋದು ಸೋಂಕು ತಗಲುವ ಮುಂಚೆ ಹಾಕಿಸಿಕೊಂಡ ಹುಡುಗಿಯರಿಗೆ. ಇವತ್ತು ಎಂಟನೇ ಕ್ಲಾಸಿನಲ್ಲಿರುವ ಹುಡುಗಿಗೆ ಲಸಿಕೆ, ಆಕೆಯ ಅವ್ವನಿಗೆ ತಪಾಸಣೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆಯ 2030ರ ಗುರಿಯಲ್ಲಿ ಮೂರು ಅಂಕಿಗಳಿವೆ: ಶೇ. 90 ಹುಡುಗಿಯರಿಗೆ ಲಸಿಕೆ, ಶೇ. 70 ಮಹಿಳೆಯರಿಗೆ 35ರ ಒಳಗೆ ಮತ್ತು 45ರ ಒಳಗೆ ಎರಡು ಸಲ ಉತ್ತಮ ಪರೀಕ್ಷೆ, ರೋಗ ಕಂಡವರಲ್ಲಿ ಶೇ. 90 ಜನರಿಗೆ ಚಿಕಿತ್ಸೆ. ಲಸಿಕೆ ಸ್ತನ ಕ್ಯಾನ್ಸರ್‌ಗೆ ಸಂಬಂಧಿಸಿದ್ದಲ್ಲ ಅನ್ನೋದೂ ನೆನಪಿರಲಿ.

ಎಚ್‌ಪಿವಿ ಪರೀಕ್ಷೆಗೆ ಮಾದರಿಯನ್ನು ಮಹಿಳೆ ಏಕಾಂತದಲ್ಲಿ ತಾನೇ ತೆಗೆದುಕೊಳ್ಳಬಹುದು. ನಾಚಿಕೆಯ ದೊಡ್ಡ ಗೋಡೆ ಅಲ್ಲಿಗೆ ಬೀಳುತ್ತೆ. ಟಿಬಿ ಪತ್ತೆಗೆ ಬಳಸುವ ಟ್ರೂನ್ಯಾಟ್ ಯಂತ್ರದಲ್ಲೇ ಮಾಡಬಹುದಾದ ದೇಶೀಯ ಎಚ್‌ಪಿವಿ ಕಿಟ್ ಕೂಡ ಬಂದಿದೆ.

ಹಾಗಾದ್ರೆ ನಾವು ಏನು ಕೇಳಬೇಕು?

ಗ್ರಾಮಸಭೆಯಲ್ಲಿ, ಶಾಸಕರ ಮುಂದೆ, ಆರ್‌ಟಿಐ ಅರ್ಜಿಯಲ್ಲಿ ಈ ಐದು ಪ್ರಶ್ನೆ ಕೇಳಬಹುದು:

1. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯಲ್ಲಿ ಕಳೆದ ವರ್ಷ ಫಾರ್ಮ್ ತುಂಬಿದ್ದು ಎಷ್ಟು, ನಿಜವಾಗಿ ವಿಐಎ ಮತ್ತು ಸ್ತನ ಪರೀಕ್ಷೆ ಆಗಿದ್ದು ಎಷ್ಟು?
2. ಅನುಮಾನ ಬಂದವರಲ್ಲಿ 30 ದಿನದೊಳಗೆ ಬಯಾಪ್ಸಿ ಆಗಿದ್ದು ಎಷ್ಟು ಜನರಿಗೆ?
3. ಕ್ಯಾನ್ಸರ್ ಖಚಿತವಾದವರು ಯಾವ ಹಂತದಲ್ಲಿದ್ದರು? ಎಷ್ಟು ಜನ ಚಿಕಿತ್ಸೆ ಪೂರ್ತಿ ಮುಗಿಸಿದರು?
4. ಉಪಕೇಂದ್ರದಲ್ಲಿ ವಿಐಎ ತರಬೇತಾದವರು ಇದ್ದಾರಾ? ಬಾಗಿಲು ಹಾಕುವ ಕೋಣೆ ಇದೆಯಾ?
5. ಜಿಲ್ಲಾ ಆಸ್ಪತ್ರೆಯಲ್ಲಿ ಕ್ಯಾನ್ಸರ್ ಅನುಮಾನದಿಂದ ಬಂದವರ ಕೈಹಿಡಿದು ಮುಂದಿನ ಬಾಗಿಲಿಗೆ ಕರೆದೊಯ್ಯಲು ಒಬ್ಬ ವ್ಯಕ್ತಿಯನ್ನು ನೇಮಿಸಿದ್ದಾರಾ?

ಮನೆಯಲ್ಲೂ ಒಂದು ಕೆಲಸ ಇದೆ. ಎದೆಯಲ್ಲಿ ನೋವಿಲ್ಲದ ಗಂಟು, ಮೊಲೆತೊಟ್ಟಿನಿಂದ ರಕ್ತ, ಮುಟ್ಟು ನಿಂತ ಮೇಲೆ ಅಥವಾ ಮುಟ್ಟಿನ ನಡುವೆ ರಕ್ತಸ್ರಾವ, ಎರಡು ಮೂರು ವಾರವಾದರೂ ಮಾಯದ ಬಾಯಿಹುಣ್ಣು ಇದ್ದರೆ ಮುಂದಿನ ಕ್ಯಾಂಪ್‌ಗೆ ಕಾಯಬಾರದು, ನೇರ ತಾಲೂಕು ಆಸ್ಪತ್ರೆಗೆ ಹೋಗಬೇಕು. ಏನೂ ಇಲ್ಲದಿದ್ದರೆ, 30 ದಾಟಿದ ಅವ್ವ, ಅಕ್ಕ, ಅತ್ತಿ, ಚಿಗವ್ವಂದಿರನ್ನು "ಕೊನೆ ಸಲ ಯಾವಾಗ ತೋರಿಸಿದ್ದಿ?" ಅಂತ ಒಮ್ಮೆ ಕೇಳಿ. ಬಹುಪಾಲು ಮನೆಗಳಲ್ಲಿ ಬರುವ ಉತ್ತರ "ಯಾವತ್ತೂ ಇಲ್ಲ." ಉಪಕೇಂದ್ರಕ್ಕೆ ಜೊತೆಗೆ ಹೋಗೋಕೆ ಅಷ್ಟು ಕಾರಣ ಸಾಕು.